ಆರನೇ ತಟ್ಟೆ: ಒಂದು ತಾಲೂಕಿನಲ್ಲಿ ಮಾನಸಿಕ ಕಾಯಿಲೆ ಎಷ್ಟು ಜನಕ್ಕಿದೆ ಎಂದು ಲೆಕ್ಕ ಹಾಕುವುದು ಹೇಗೆ

ಶ್ರೀನಿವಾಸಪುರ ತಾಲೂಕಿನ ಒಂದು ಹಳ್ಳಿ. ನನ್ನ ಮೊದಲ ಸರ್ವೆ. ಮನೆ ಯಜಮಾನರು ಜಗಲಿ ಮೇಲೆ ಕೂತು ಹೆಸರು ಬರೆಸಿದರು. ತಾವು, ಹೆಂಡತಿ, ತಾಯಿ, ಇಬ್ಬರು ಮಕ್ಕಳು. ಒಟ್ಟು ಐದು. "ನಮ್ಮನೇಲಿ ಅಂಥೋರು ಯಾರೂ ಇಲ್ಲಮ್ಮ" ಅಂದರು. ನಾನು ಹಾಗೇ ಬರೆದುಕೊಂಡೆ. ಆಮೇಲೆ ಕುಡಿಯಲು ನೀರು ಕೇಳಿಕೊಂಡು ಒಳಗೆ ಹೋದೆ. ಆ ಮನೆ ಅಕ್ಕ ಬಿಸಿ ಮುದ್ದೆ ಕಟ್ಟಿ ತಟ್ಟೆಗಳಿಗೆ ಇಡುತ್ತಿದ್ದರು. ತಟ್ಟೆ ಆರು. ಆರನೇ ತಟ್ಟೆಗೆ ಸಾರು ಬಿಟ್ಟು, ಸೆರಗು ಮುಚ್ಚಿಕೊಂಡು, ಹಿತ್ತಲ ಬಾಗಿಲಿನಿಂದ ಕೊಟ್ಟಿಗೆ ಕಡೆ ಹೋದರು.

ಅಲ್ಲಿದ್ದದ್ದು ಯಜಮಾನರ ತಮ್ಮ. ನಾಲ್ಕು ವರ್ಷದಿಂದ ಕೊಟ್ಟಿಗೆ ಪಕ್ಕದ ಕೋಣೆಯಲ್ಲೇ ಇದ್ದರು. ಒಬ್ಬರೇ ಮಾತಾಡಿಕೊಳ್ಳುತ್ತಿದ್ದರು. ನನ್ನ ಫಾರಂನಲ್ಲಿ ಆ ಮನುಷ್ಯ ಹುಟ್ಟೇ ಇರಲಿಲ್ಲ. ಮಾರನೇ ದಿನ ವಾಪಸ್ ಹೋಗಿ ಫಾರಂ ತಿದ್ದಿದೆ. ಇಪ್ಪತ್ತೆರಡು ವರ್ಷ ಆಯಿತು, ಕೋಲಾರ ಜಿಲ್ಲೆಯಲ್ಲಿ ಮನೆಮನೆ ಸರ್ವೆಗಳ ಮೇಲ್ವಿಚಾರಣೆ ಮಾಡುತ್ತಿದ್ದೇನೆ. ಇವತ್ತಿಗೂ ಹೊಸ ಹುಡುಗ ಹುಡುಗಿಯರಿಗೆ ಮೊದಲು ಹೇಳುವ ಕತೆ ಇದೇ. ಸೂತ್ರ ತಪ್ಪಿದರೆ ಆಫೀಸಿನಲ್ಲಿ ಕೂತು ಸರಿ ಮಾಡಬಹುದು. ಹೊಸ್ತಿಲಲ್ಲಿ ಬಿಟ್ಟುಹೋದ ಮನುಷ್ಯನನ್ನು ಆಮೇಲೆ ಯಾವ ಕಂಪ್ಯೂಟರೂ ಹುಡುಕಿ ಕೊಡುವುದಿಲ್ಲ.

ಸಮುದಾಯ ವೈದ್ಯಕೀಯ ಓದುವವರು, ನರ್ಸಿಂಗ್ ಮತ್ತು ಸಮಾಜಕಾರ್ಯದ ವಿದ್ಯಾರ್ಥಿಗಳು, ತಮ್ಮ ತಾಲೂಕಿನ ಬಗ್ಗೆ ಒಂದು ನಂಬಿಕಸ್ಥ ಸಂಖ್ಯೆ ಬೇಕೆನ್ನುವ ಸಂಸ್ಥೆಯವರು, ಇವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಎಲ್ಲರೂ ಕೇಳುವ ಪ್ರಶ್ನೆ: ಆಸ್ಪತ್ರೆ ರಿಜಿಸ್ಟರ್ ನೋಡಿದರೆ ಸಾಲದಾ? ಸಾಲದು. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಕಂಡದ್ದು ಇದು. ಬೇರೆ ಬೇರೆ ಕಾಯಿಲೆಗಳಲ್ಲಿ ನೂರಕ್ಕೆ 70ರಿಂದ 92 ಜನ ಚಿಕಿತ್ಸೆಯೇ ಪಡೆದಿರಲಿಲ್ಲ. ರಿಜಿಸ್ಟರಿನಲ್ಲಿ ಸಿಗುವುದು ಉಳಿದವರು ಮಾತ್ರ. ಅವರೂ ಬಸ್ಸಿಗೆ ದುಡ್ಡಿದ್ದವರು, ಜೊತೆಗೆ ಬರಲು ಯಾರಾದರೂ ಇದ್ದವರು. ಹಾಗಾಗಿ ಮನೆಗೇ ಹೋಗಬೇಕು.

ಹೋಗುವ ಮುಂಚೆ ಏನನ್ನು ಎಣಿಸುತ್ತೀರಿ ಎಂದು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಯಾವ ಕಾಯಿಲೆ, ಯಾವ ವಯಸ್ಸು, ಯಾವ ಅವಧಿ. ಇದು ಸಣ್ಣ ವಿಷಯ ಅಲ್ಲ. ಅದೇ ರಾಷ್ಟ್ರೀಯ ಸಮೀಕ್ಷೆಯಲ್ಲಿ "ಈಗ ಕಾಯಿಲೆ ಇದೆ" ಎಂದು ಎಣಿಸಿದರೆ ದೊಡ್ಡವರಲ್ಲಿ ನೂರಕ್ಕೆ 10.6. "ಜೀವನದಲ್ಲಿ ಯಾವಾಗಲಾದರೂ ಬಂದಿತ್ತು" ಎಂದು ಎಣಿಸಿದರೆ 13.7. ಈ ಎರಡರಲ್ಲೂ ತಂಬಾಕಿನ ಚಟ ಸೇರಿಲ್ಲ. ತಂಬಾಕು, ಕುಡಿತ ಎಲ್ಲವನ್ನೂ ಸೇರಿಸಿ ಬರೀ ಚಟದ ಲೆಕ್ಕ ಮಾಡಿದರೆ ಅದೊಂದೇ ನೂರಕ್ಕೆ 22 ದಾಟುತ್ತದೆ. ಜನ ಅವರೇ, ವರ್ಷ ಅದೇ. ಪ್ರಶ್ನೆ ಬದಲಾದಂತೆ ಸಂಖ್ಯೆ ಬದಲಾಯಿತು. ಇದನ್ನು ನೋಡದೆ ಇಬ್ಬರ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು "ನಮ್ಮಲ್ಲಿ ಜಾಸ್ತಿ, ಅವರಲ್ಲಿ ಕಡಿಮೆ" ಅನ್ನುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ. ಹೊಸಬರಿಗೆ ನನ್ನ ಸಲಹೆ: "ಈಗ ಇದೆಯಾ" ಅನ್ನುವುದನ್ನೇ ಎಣಿಸಿ. ಮೂವತ್ತು ವರ್ಷದ ಹಿಂದಿನ ಬಾಣಂತನದಲ್ಲಿ ಮನಸ್ಸು ಹೇಗಿತ್ತು ಎಂದು ಕೇಳಿದರೆ ಅಜ್ಜಿಗೆ ನೆನಪಿರುವುದು ಕಡಿಮೆ.

ಇನ್ನು ಎಷ್ಟು ಜನರನ್ನು ಮಾತಾಡಿಸಬೇಕು? ಲೆಕ್ಕ ಇಲ್ಲೇ ಹಾಕೋಣ. ನೂರಕ್ಕೆ ಸುಮಾರು 10 ಇರಬಹುದು ಅಂದುಕೊಳ್ಳಿ. ಆಚೀಚೆ 2ಕ್ಕಿಂತ ಹೆಚ್ಚು ತಪ್ಪಬಾರದು. ನೂರಕ್ಕೆ 95 ಸಲ ಲೆಕ್ಕ ಈ ಅಂಚಿನೊಳಗೆ ಬೀಳಬೇಕು ಎಂದರೆ ಬಳಸುವ ಸಂಖ್ಯೆ 1.96. ಅದರ ವರ್ಗ 3.84. ಅದನ್ನು 0.10ರಿಂದ, ಆಮೇಲೆ 0.90ರಿಂದ ಗುಣಿಸಿ. ಬಂದದ್ದನ್ನು 0.02ರ ವರ್ಗದಿಂದ ಭಾಗಿಸಿ. ಸುಮಾರು 865 ಬರುತ್ತದೆ. ತಾಲೂಕಿನ ತುಂಬ ಚದುರಿದಂತೆ ಒಬ್ಬೊಬ್ಬರನ್ನೇ ಚೀಟಿ ಎತ್ತಿ ಆರಿಸಿದರೆ ಇಷ್ಟು ಸಾಕು. ಆದರೆ ನಾವು ಊರು ಊರಾಗಿ ಹೋಗುತ್ತೇವೆ. ಒಂದೇ ಊರಿನವರ ಬದುಕು ಒಂದೇ ತರ ಇರುತ್ತದೆ. ಅದೇ ಬರ, ಅದೇ ಸಾಲ, ಅದೇ ಬ್ರಾಂದಿ ಅಂಗಡಿ. ಮೂವತ್ತು ಜನರನ್ನು ಕೇಳಿದರೂ ಮೂವತ್ತು ಜನರಷ್ಟು ಹೊಸ ವಿಷಯ ಸಿಗುವುದಿಲ್ಲ. ಅದಕ್ಕೇ ಡಿಸೈನ್ ಎಫೆಕ್ಟ್ ಎಂದು 1.5ರಿಂದ ಗುಣಿಸುತ್ತೇವೆ, ಸುಮಾರು 1,300 ಆಯಿತು. ನೂರಕ್ಕೆ 15 ಜನ ಸಿಗುವುದಿಲ್ಲ, ಇಲ್ಲವೇ ಒಲ್ಲೆ ಅನ್ನುತ್ತಾರೆ. 1,300ನ್ನು 0.85ರಿಂದ ಭಾಗಿಸಿದರೆ 1,530. ಅಂದರೆ 51 ಕಡೆ, ಒಂದೊಂದು ಕಡೆ 30 ಜನ.

ಈ 51 ಊರುಗಳನ್ನು ಜೀಪು ಹೋಗುವ ರಸ್ತೆ ನೋಡಿ ಆರಿಸಬೇಡಿ. ಜನಗಣತಿಯ ಊರುಪಟ್ಟಿ ತಗೊಳ್ಳಿ. ಪ್ರತಿ ಊರಿನ ಜನಸಂಖ್ಯೆಯನ್ನು ಕೂಡಿಸುತ್ತಾ ಪಕ್ಕದ ಕಾಲಂನಲ್ಲಿ ಬರೆಯುತ್ತಾ ಹೋಗಿ. ಮೊದಲ ಊರು 400, ಎರಡನೆಯದು 900 ಇದ್ದರೆ ಪಕ್ಕದಲ್ಲಿ 400, 1,300. ಕೊನೆ ಸಾಲಿನಲ್ಲಿ 1,53,000 ಬಂತು ಅಂದುಕೊಳ್ಳಿ. 51ರಿಂದ ಭಾಗಿಸಿ, 3,000. ಈಗ 1ರಿಂದ 3,000ದೊಳಗೆ ಒಂದು ಸಂಖ್ಯೆ ಎತ್ತಿ. 1,150 ಬಂದರೆ ಅದು ಎರಡನೇ ಊರಿನೊಳಗೆ ಬೀಳುತ್ತದೆ, ಅದು ಆಯ್ಕೆ. ಆಮೇಲೆ 3,000 ಕೂಡಿಸುತ್ತಾ ಹೋಗಿ: 4,150, 7,150, ಹೀಗೆ. ದೊಡ್ಡ ಊರಿಗೆ ಅವಕಾಶ ಜಾಸ್ತಿ. ಪಟ್ಟಣ ಎರಡು ಸಲ ಬಂದರೆ ಅಲ್ಲಿ 60 ಜನ. ದೊಡ್ಡ ಊರಿನಲ್ಲೂ ಚಿಕ್ಕ ಊರಿನಲ್ಲೂ 30 ಜನರನ್ನೇ ಮಾತಾಡಿಸುವುದರಿಂದ ಕೊನೆಗೆ ಎಲ್ಲ ಮನೆಗಳ ಅವಕಾಶವೂ ಹತ್ತಿರ ಹತ್ತಿರ ಸಮ ಆಗುತ್ತದೆ.

ಊರು ತಲುಪಿದ ಮೇಲೆ ದೇವಸ್ಥಾನದ ಹತ್ತಿರ ಶುರು ಮಾಡಿ ಸಾಲಾಗಿ ಮೂವತ್ತು ಮನೆ ಮುಗಿಸಿಬಿಡುವ ಆಸೆ ಎಲ್ಲರಿಗೂ ಆಗುತ್ತದೆ. ಹಾಗೆ ಮಾಡಿದರೆ ಊರಾಚೆಯ ಕಾಲೋನಿ ಪೂರ್ತಿ ಬಿಟ್ಟು ಹೋಗುತ್ತದೆ. ತೋಟದ ಮನೆಗಳೂ ಬಿಟ್ಟು ಹೋಗುತ್ತವೆ. ಆಶಾ ಕಾರ್ಯಕರ್ತೆಯ ಹತ್ತಿರ ಮನೆಪಟ್ಟಿ ಇರುತ್ತದೆ. ಅವರ ಜೊತೆ ಒಂದು ಸಂಜೆ ಊರು ಸುತ್ತಿ, ನಕ್ಷೆ ಬರೆದು, ಪ್ರತಿ ಮನೆಗೂ ನಂಬರ್ ಕೊಡಿ. ಆಮೇಲೆ ಆ ನಂಬರುಗಳಿಂದ ಚೀಟಿ ಎತ್ತಿ. ಬೀಗ ಹಾಕಿದ ಮನೆ ಬಂದರೆ ಪಕ್ಕದ ಮನೆಗೆ ಹೋಗಬೇಡಿ. ಮೂರು ಸಲ, ಬೇರೆ ಬೇರೆ ಹೊತ್ತಿನಲ್ಲಿ ಅದೇ ಮನೆಗೆ ಹೋಗಿ. ಬಂಗಾರಪೇಟೆ ಕಡೆಯವರು ಬೆಳಗಿನ ರೈಲಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಬರುತ್ತಾರೆ. ಅವರಿಗೆ ಭಾನುವಾರವೇ ಗತಿ. ಶ್ರೀನಿವಾಸಪುರದಲ್ಲಿ ಒಂದು ವರ್ಷ ಮೇ ತಿಂಗಳಲ್ಲಿ ಸರ್ವೆ ಇಟ್ಟುಕೊಂಡಿದ್ದೆವು. ಮಾವಿನ ಕಾಲ. ಗಂಡಸರೆಲ್ಲ ತೋಟದಲ್ಲಿ, ಇಲ್ಲ ಮಂಡಿಯಲ್ಲಿ. ಸಿಕ್ಕವರೆಲ್ಲ ಹೆಂಗಸರು, ವಯಸ್ಸಾದವರು. ಮಳೆ ಬಿದ್ದ ಮೇಲೆ ಅರ್ಧ ಸರ್ವೆ ಮತ್ತೆ ಮಾಡಬೇಕಾಯಿತು. ನಿಮ್ಮ ಊರಿನ ಸುಗ್ಗಿ ಯಾವಾಗ ಅಂತ ಮೊದಲೇ ಕೇಳಿಕೊಳ್ಳಿ.

ಈಗ ಆರನೇ ತಟ್ಟೆ ವಿಷಯಕ್ಕೆ ಬರುತ್ತೇನೆ. "ಮನೆಯಲ್ಲಿ ಎಷ್ಟು ಜನ?" ಎಂದು ಕೇಳಿದರೆ ಯಜಮಾನರು ಲೆಕ್ಕಕ್ಕೆ ಬರುವವರನ್ನು ಮಾತ್ರ ಹೇಳುತ್ತಾರೆ. ನಾನು ಒಲೆ ಹತ್ತಿರ ಹೋಗಿ ಕೇಳುತ್ತೇನೆ: "ಅಕ್ಕ, ದಿನಾ ಎಷ್ಟು ಜನಕ್ಕೆ ಮುದ್ದೆ ಕಟ್ತೀರಿ?" ಮುದ್ದೆಗೆ ಬಚ್ಚಿಡುವುದು ಗೊತ್ತಿಲ್ಲ. ಆಮೇಲೆ ಇನ್ನೂ ನಾಲ್ಕು ಪ್ರಶ್ನೆ. ಹುಷಾರಿಲ್ಲದೆ ಒಳಗೇ ಇರುವವರು ಯಾರಾದರೂ ಇದ್ದಾರಾ? ತವರಿಗೆ ವಾಪಸ್ ಬಂದ ಮಗಳು? ಕೂಲಿಗೆ ಹೋಗಿ ವಾರಕ್ಕೊಮ್ಮೆ ಬರುವವರು? ಆಸ್ಪತ್ರೆಗೋ ದರ್ಗಾಕ್ಕೋ ದೇವಸ್ಥಾನಕ್ಕೋ ಕರೆದುಕೊಂಡು ಹೋಗಿ ಬಿಟ್ಟು ಬಂದವರು? ಕೊನೆ ಪ್ರಶ್ನೆಯನ್ನು ಮೆತ್ತಗೆ ಕೇಳಬೇಕು. ಒಮ್ಮೊಮ್ಮೆ ಆ ಪ್ರಶ್ನೆಗೆ ಅಕ್ಕ ಉತ್ತರ ಕೊಡದೆ ಒಲೆ ಊದುತ್ತಾರೆ. ಆಗ ಕಾಯಿರಿ. ಪೆನ್ನು ಕೆಳಗಿಟ್ಟು ಕಾಯಿರಿ.

ಪಟ್ಟಿ ಪೂರ್ತಿ ಆದ ಮೇಲೆ ಹದಿನೆಂಟು ದಾಟಿದವರಲ್ಲಿ ಒಬ್ಬರನ್ನು ಆರಿಸುವುದು. ಬಾಗಿಲಲ್ಲಿ ಸಿಕ್ಕವರನ್ನಲ್ಲ. ಇದಕ್ಕೆ ಸಂಖ್ಯಾಶಾಸ್ತ್ರಜ್ಞ ಲೆಸ್ಲಿ ಕಿಶ್ 1949ರಲ್ಲಿ ಮಾಡಿಕೊಟ್ಟ ಕೋಷ್ಟಕ ಇದೆ, ಕಿಶ್ ಗ್ರಿಡ್ ಅನ್ನುತ್ತಾರೆ. ಈಗ ಮೊಬೈಲ್ ಫಾರಂನಲ್ಲೇ ಅದನ್ನು ಹಾಕಿಸಿಕೊಳ್ಳಬಹುದು. ಆ ಮನೆಯಲ್ಲಿ ದೊಡ್ಡವರು ಎಷ್ಟು ಜನ ಎಂಬುದನ್ನು ತಪ್ಪದೆ ಬರೆದಿಡಿ, ಮುಂದೆ ಬೇಕು. ಆಯ್ಕೆಯಾದವರು ಮಾತಾಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಅವರನ್ನು ಬಿಟ್ಟು ಇನ್ನೊಬ್ಬರನ್ನು ಹಿಡಿಯುವಂತಿಲ್ಲ. ನೋಡಿಕೊಳ್ಳುವವರಿಂದ ವಿವರ ಪಡೆದು, ತಂಡದ ವೈದ್ಯರು ಬಂದು ನೋಡಬೇಕು.

ಪ್ರಶ್ನಾವಳಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಇಲ್ಲೇ ತುಂಬ ಎಡವುತ್ತಾರೆ. ಎರಡು ಬಗೆ ಇವೆ. ಒಂದು ಜರಡಿ, ಅಂದರೆ ಸ್ಕ್ರೀನಿಂಗ್: ಕಾಯಿಲೆ ಇರಬಹುದಾದವರನ್ನು ಬೇಗ ಸೋಸುವ ಸಣ್ಣ ಪ್ರಶ್ನಾವಳಿ. ಪಿಎಚ್‌ಕ್ಯೂ-9, ಎಸ್‌ಆರ್‌ಕ್ಯೂ-20 ಇಂಥವು. ಹತ್ತು ನಿಮಿಷದ ಕೆಲಸ, ಯಾರಾದರೂ ಕಲಿತು ಕೇಳಬಹುದು. ಇನ್ನೊಂದು ರೋಗ ಗುರುತಿಸುವ ಸಂದರ್ಶನ. ರಾಷ್ಟ್ರೀಯ ಸಮೀಕ್ಷೆಯಲ್ಲಿ 34,802 ದೊಡ್ಡವರನ್ನು ಮಾತಾಡಿಸಿದ್ದು 'ಮಿನಿ' ಎನ್ನುವ ಇಂಥ ಸಂದರ್ಶನದಿಂದ. ಕರ್ನಾಟಕ ಆ 12 ರಾಜ್ಯಗಳಲ್ಲಿ ಇರಲಿಲ್ಲ, ಆದರೆ ಅದಕ್ಕೂ ಮೊದಲಿನ ಪ್ರಾಯೋಗಿಕ ಸರ್ವೆ ನಡೆದದ್ದು ನಮ್ಮ ಕೋಲಾರ ಜಿಲ್ಲೆಯಲ್ಲೇ. ಕೈಲಾದರೆ ಮಿನಿಯಂಥದ್ದನ್ನೇ ಬಳಸಿ. ಆಗದಿದ್ದರೆ ಜರಡಿ ಹಿಡಿಯಿರಿ, ಆದರೆ ಜರಡಿಯಲ್ಲಿ ಉಳಿದವರೆಲ್ಲ ರೋಗಿಗಳು ಎಂದು ವರದಿ ಬರೆಯಬೇಡಿ.

ಭಾಷೆ ಇನ್ನೊಂದು ವಿಷಯ. 'ಖಿನ್ನತೆ' ಪುಸ್ತಕದ ಮಾತು. ಹಳ್ಳಿಯಲ್ಲಿ ಯಾರೂ ಖಿನ್ನತೆ ಬಂದಿದೆ ಅನ್ನುವುದಿಲ್ಲ. ಯಾಕೋ ಬೇಜಾರು, ಎದೆ ಡವಡವ, ಮೈಯೆಲ್ಲ ಉರಿ, ತಲೆ ಭಾರ, ರಾತ್ರಿ ಕಣ್ಣು ಮುಚ್ಚಲ್ಲ, ಜೀವ ಸಾಕಾಗಿದೆ, ಹೀಗೆ ಹೇಳುತ್ತಾರೆ. ಒಮ್ಮೆ ಪ್ರಶ್ನೆಗಳನ್ನು ಪರೀಕ್ಷೆ ಮಾಡುವಾಗ ನಮ್ಮ ಹುಡುಗಿ ಒಬ್ಬ ಅಜ್ಜಿಯನ್ನು ಕೇಳಿದಳು: "ನಿಮಗೆ ಆಸಕ್ತಿ ಕಡಿಮೆ ಆಗಿದೆಯಾ ಅಜ್ಜಿ?" ಅಜ್ಜಿ ನಿಟ್ಟುಸಿರು ಬಿಟ್ಟರು. "ಹೂಂ ಕಣಮ್ಮ, ಆಗ್ದೆ ಇರುತ್ತಾ? ಇದ್ದ ಒಂದೆಕರೇನೂ ಭಾಗ ಆಗೋಯ್ತು." ಆಸಕ್ತಿ ಅಜ್ಜಿಯ ಕಿವಿಗೆ ಆಸ್ತಿ ಎಂದು ಬಿದ್ದಿತ್ತು. ಹುಡುಗಿ "ಹೌದು, ಪ್ರತಿದಿನ" ಅನ್ನುವ ಕಡೆ ಟಿಕ್ ಹಾಕಿದ್ದಳು. ಪಕ್ಕದಲ್ಲಿ ನಾನು ಕೂತಿರದಿದ್ದರೆ ಒಂದು ಪದದಿಂದ ಆ ಅಜ್ಜಿ ನಮ್ಮ ಲೆಕ್ಕದಲ್ಲಿ ರೋಗಿ ಆಗುತ್ತಿದ್ದರು. ಆಮೇಲೆ ಅದನ್ನು "ಮೊದಲು ಇಷ್ಟಪಟ್ಟು ಮಾಡ್ತಿದ್ದ ಕೆಲಸ ಈಗ ಬೇಡ ಅನ್ಸುತ್ತಾ?" ಎಂದು ಬದಲಾಯಿಸಿದೆವು.

ಹೀಗೆ ಬದಲಾಯಿಸುವುದೆಲ್ಲ ಸರ್ವೆಗೆ ಮುಂಚೆಯೇ ಮುಗಿಯಬೇಕು. ಕನ್ನಡಕ್ಕೆ ತಂದದ್ದನ್ನು, ಮೂಲ ನೋಡದ ಇನ್ನೊಬ್ಬರಿಂದ ಇಂಗ್ಲಿಷಿಗೆ ವಾಪಸ್ ಮಾಡಿಸಿ, ಎರಡನ್ನೂ ಹೋಲಿಸಿ. ಸರ್ವೆಯಲ್ಲಿ ಇಲ್ಲದ ಒಂದು ಊರಿನಲ್ಲಿ ಕೇಳಿ ನೋಡಿ. ಆಮೇಲೆ ಒಂದಕ್ಷರವೂ ಬದಲಾಗಬಾರದು, ಎಲ್ಲರೂ ಅದೇ ಮಾತಿನಲ್ಲಿ ಕೇಳಬೇಕು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು ಮಾತಾಡುತ್ತಾರೆ. ಅವರಿಗೆ ತೆಲುಗಿನದ್ದೇ ಬೇಕು. ಅಲ್ಲೇ ನಿಂತು ಬಾಯಲ್ಲಿ ತರ್ಜುಮೆ ಮಾಡಿ ಕೇಳುವುದು ಬೇಡ. ಈ ಕಷ್ಟ ಹೊಸದಲ್ಲ. ಉಡುಪಿ ಕಡೆಯ ಕೋಟ ಎಂಬ ಊರಿನಲ್ಲಿ ಮನೋವೈದ್ಯರಾದ ಆರ್. ಎಲ್. ಕಪೂರ್ ಮತ್ತು ಜಿ. ಎಂ. ಕಾರ್‌ಸ್ಟೇರ್ಸ್ 1970ರ ದಶಕದಲ್ಲಿ ಇಂಥದೇ ಅಧ್ಯಯನ ಮಾಡಿದಾಗ, ಹೊರಗಿನ ಪ್ರಶ್ನಾವಳಿ ನಂಬದೆ ನಮ್ಮ ಜನರಿಗೆ ಹೊಂದುವಂಥದ್ದನ್ನು ಹೊಸದಾಗಿ ಕಟ್ಟಿದರು. ಮೊಗವೀರರು, ಬಂಟರು, ಬ್ರಾಹ್ಮಣರು, ಮೂರು ಸಮುದಾಯಗಳಲ್ಲೂ ಮನೆಮನೆ ಸುತ್ತಿದರು. ಮೈಮೇಲೆ ದೈವ ಬರುವ ಊರಿನ ಪಾತ್ರಿಗಳನ್ನೂ ಮಂತ್ರವಾದಿಗಳನ್ನೂ ಮಾತಾಡಿಸಿದರು.

ಮನೆಯೊಳಗೆ ಏಕಾಂತ ಸಿಗುವುದು ಸುಲಭವಲ್ಲ. ಸೊಸೆಯನ್ನು ಕೇಳುವಾಗ ಅತ್ತೆ ಪಕ್ಕದಲ್ಲೇ ಕೂತಿರುತ್ತಾರೆ. ಅದಕ್ಕೇ ನಾವು ಇಬ್ಬಿಬ್ಬರು ಹೋಗುತ್ತೇವೆ. ಒಬ್ಬರು ಅತ್ತೆಯ ಬಿಪಿ ನೋಡುತ್ತಾ ಹಿತ್ತಲಲ್ಲಿ ಕೂರುತ್ತಾರೆ, ಇನ್ನೊಬ್ಬರು ಸೊಸೆಯ ಜೊತೆ. ಹೇಳಿದ್ದನ್ನು ಮನೆಯವರಿಗೂ ಆಶಾ ಅಕ್ಕನಿಗೂ ಹೇಳುವುದಿಲ್ಲ ಎಂದು ಮೊದಲೇ ಮಾತು ಕೊಡಿ. ಆಶಾ ಅಕ್ಕ ಮನೆ ತೋರಿಸಲಿ, ಸಂದರ್ಶನದ ಹೊತ್ತಿಗೆ ಅವರು ಹೊರಗಿರಲಿ.

ಸಾಯಬೇಕು ಅನ್ನಿಸುತ್ತದೆಯಾ ಎಂಬ ಪ್ರಶ್ನೆ ಬಂದಾಗ ಹೊಸಬರ ದನಿ ಸಣ್ಣಗಾಗುತ್ತದೆ. ಕೇಳಿದರೆ ಆ ಯೋಚನೆ ನಾವೇ ತಲೆಗೆ ಹಾಕಿದಂತಾಗುತ್ತದೆ ಎಂದು ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದ್ದಕ್ಕೆ ಹಗುರಾಗಿ ಅತ್ತವರನ್ನು ತುಂಬ ನೋಡಿದ್ದೇನೆ. ಆದರೆ "ಹೌದು" ಎಂದ ಮೇಲೆ ಟಿಕ್ ಹಾಕಿ ಮುಂದಿನ ಮನೆಗೆ ಹೋಗುವಂತಿಲ್ಲ. ಅದೇ ದಿನ ತಂಡದ ವೈದ್ಯರಿಗೆ ಫೋನ್ ಮಾಡಬೇಕು, ಮನೆಯಲ್ಲಿ ಅವರು ನಂಬುವ ಒಬ್ಬರನ್ನು ಅವರ ಒಪ್ಪಿಗೆ ಕೇಳಿ ಜೊತೆಗಿರಿಸಬೇಕು. ಟೆಲಿ ಮಾನಸ್ ಸಹಾಯವಾಣಿ 14416 ಪ್ರತಿ ಫಾರಂನ ಕೆಳಗೂ ಅಚ್ಚಾಗಿರಲಿ, ಕನ್ನಡದಲ್ಲೇ ಮಾತಾಡುತ್ತಾರೆ. ಈ ಏರ್ಪಾಡು ಇಲ್ಲದೆ ಸರ್ವೆ ಶುರು ಮಾಡುವುದು ತಪ್ಪು ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಪ್ರತಿ ರಾತ್ರಿ ಫಾರಂಗಳನ್ನು ನೋಡಿ. ಯಾರು ಎಷ್ಟು ಕಾಯಿಲೆ ಬರೆಯುತ್ತಿದ್ದಾರೆ ಎಂದು ಹೆಸರುವಾರು ಎಣಿಸಿ. ಒಂದು ಸರ್ವೆಯಲ್ಲಿ ಒಬ್ಬ ಹುಡುಗನ ಎರಡು ಊರಿನ ಅರವತ್ತು ಫಾರಂನಲ್ಲಿ ಒಂದೇ ಒಂದು ಕಾಯಿಲೆ ಇರಲಿಲ್ಲ. ಅವನ ಜೊತೆ ಹೋಗಿ ನೋಡಿದೆ. ಮೊದಲ ಪ್ರಶ್ನೆಗೆ "ಹೌದು" ಬಂದರೆ ಇನ್ನೂ ಇಪ್ಪತ್ತು ಪ್ರಶ್ನೆ ತೆರೆದುಕೊಳ್ಳುತ್ತವೆ, ಬಿಸಿಲು ಬೇರೆ. ಹಾಗಾಗಿ "ಏನೂ ತೊಂದರೆ ಇಲ್ಲ ಅಲ್ವಾ?" ಎಂದು ಕೇಳುತ್ತಿದ್ದ. ಹಾಗೆ ಕೇಳಿದರೆ ಯಾರಾದರೂ "ಇಲ್ಲಪ್ಪ" ಅಂತಲೇ ಹೇಳುತ್ತಾರೆ. ಬೈಯಲಿಲ್ಲ, ದಿನಕ್ಕೆ ಮನೆಗಳ ಸಂಖ್ಯೆ ಕಡಿಮೆ ಮಾಡಿದೆ. ಆ ಅರವತ್ತು ಮನೆಗೂ ಮತ್ತೆ ಹೋದೆವು. ಹತ್ತರಲ್ಲಿ ಒಂದು ಮನೆಗೆ ಮೇಲ್ವಿಚಾರಕರು ತಾವೇ ಹೋಗಿ ಇನ್ನೊಮ್ಮೆ ಕೇಳುವ ಪದ್ಧತಿ ಇಟ್ಟುಕೊಳ್ಳಿ.

ಇನ್ನು ಲೆಕ್ಕ. ಜರಡಿ ಬಳಸಿದ್ದರೆ ಮೊದಲು ಅದರ ತಪ್ಪನ್ನು ಕಳೆಯಬೇಕು. ಒಂದು ಉದಾಹರಣೆ ನೋಡಿ. ಸಾವಿರ ಜನರಲ್ಲಿ ನಿಜವಾಗಿ 100 ಜನಕ್ಕೆ ಕಾಯಿಲೆ ಇದೆ. ಜರಡಿ ಅವರಲ್ಲಿ ನೂರಕ್ಕೆ 85 ಜನರನ್ನು ಹಿಡಿಯುತ್ತದೆ, 85 ಸಿಕ್ಕರು. ಉಳಿದ 900 ಜನ ಚೆನ್ನಾಗಿದ್ದಾರೆ, ಆದರೆ ಅವರಲ್ಲೂ ನೂರಕ್ಕೆ 12 ಜನರನ್ನು ಜರಡಿ ತಪ್ಪಾಗಿ ಹಿಡಿಯುತ್ತದೆ, 108. ಎರಡೂ ಸೇರಿ 193. ನೀವು ಸುಮ್ನೆ ಎಣಿಸಿದರೆ ನೂರಕ್ಕೆ 19.3, ನಿಜದ ಹತ್ತಿರ ಹತ್ತಿರ ಎರಡರಷ್ಟು! ಪತ್ರಿಕೆಯಲ್ಲಿ "ಐವರಲ್ಲಿ ಒಬ್ಬರಿಗೆ" ಎಂದು ಬರುವ ಎಷ್ಟೋ ಸುದ್ದಿ ಹೀಗೆ ಹುಟ್ಟುತ್ತದೆ. ಸರಿ ಮಾಡುವುದು ಸುಲಭ. 19.3ರಿಂದ ತಪ್ಪಾಗಿ ಹಿಡಿಯುವ 12 ಕಳೆಯಿರಿ, 7.3. ಸರಿಯಾಗಿ ಹಿಡಿಯುವ 85ರಿಂದಲೂ ಆ 12 ಕಳೆಯಿರಿ, 73. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, 0.10. ನೂರಕ್ಕೆ 10 ವಾಪಸ್ ಬಂತು. ರೋಗನ್ ಮತ್ತು ಗ್ಲಾಡೆನ್ ಎಂಬ ಇಬ್ಬರು 1978ರಲ್ಲಿ ತೋರಿಸಿಕೊಟ್ಟ ದಾರಿ ಇದು. ಆ 85 ಮತ್ತು 12 ನಿಮ್ಮ ಜನರಲ್ಲೇ ಅಳೆದದ್ದಾಗಿರಬೇಕು. ಅದಕ್ಕೆ ಜರಡಿಯಲ್ಲಿ ಉಳಿದವರು ಮತ್ತು ಜಾರಿದವರು, ಎರಡೂ ಗುಂಪಿನಿಂದ ಕೆಲವರನ್ನು ಚೀಟಿ ಎತ್ತಿ ಮನೋವೈದ್ಯರಿಂದ ಪರೀಕ್ಷೆ ಮಾಡಿಸಿ.

ಆಮೇಲೆ ತೂಕ. ಆರು ದೊಡ್ಡವರಿರುವ ಮನೆಯಲ್ಲಿ ಒಬ್ಬರನ್ನು ಆರಿಸಿದಾಗ ಅವರು ಆರು ಜನರ ಪರವಾಗಿ ಮಾತಾಡಿದಂತೆ. ಒಂಟಿ ಅಜ್ಜಿ ಒಬ್ಬರ ಪರವಾಗಿ. ಹಾಗಾಗಿ ಅವರಿಗೆ 6, ಅಜ್ಜಿಗೆ 1. ಬರೆದಿಡಿ ಎಂದು ಆಗಲೇ ಹೇಳಿದ್ದು ಇದಕ್ಕೇ. ಗಂಡಸರು ಕಡಿಮೆ ಸಿಕ್ಕಿದ್ದರೆ ಅದನ್ನೂ ಸರಿದೂಗಿಸಬೇಕು. ಉದಾಹರಣೆಗೆ ಸಿಕ್ಕವರಲ್ಲಿ ನೂರಕ್ಕೆ 65 ಹೆಂಗಸರು, ಅವರಲ್ಲಿ ಕಾಯಿಲೆ ನೂರಕ್ಕೆ 8. ಗಂಡಸರಲ್ಲಿ 14. ಹಾಗೇ ಕೂಡಿಸಿದರೆ 10.1. ತಾಲೂಕಿನಲ್ಲಿ ಇಬ್ಬರೂ ಅರ್ಧರ್ಧ ಇದ್ದರೆ ಸರಿಯಾದದ್ದು 11.

ಕೊನೆಗೆ ಒಂದೇ ಸಂಖ್ಯೆ ಬರೆಯಬೇಡಿ. 1,300 ಜನರಲ್ಲಿ ನೂರಕ್ಕೆ 10 ಸಿಕ್ಕರೆ, ಡಿಸೈನ್ ಎಫೆಕ್ಟಿನ ಆ 1.5ನ್ನೂ ಸೇರಿಸಿಕೊಂಡು ನೋಡಿದಾಗ ನಿಜವಾದದ್ದು 8ರಿಂದ 12ರ ನಡುವೆ ಎಲ್ಲೋ ಇರಬಹುದು. ಹಾಗೆಯೇ ಬರೆಯಿರಿ. ಸ್ಕಿಜೋಫ್ರೀನಿಯಾದಂಥ ತೀವ್ರ ಕಾಯಿಲೆಗಳನ್ನು ಈ ಅಳತೆಯ ಸರ್ವೆಯಿಂದ ಹೇಳಲು ಹೋಗಬೇಡಿ. ರಾಷ್ಟ್ರೀಯ ಸಮೀಕ್ಷೆಯಲ್ಲಿ ಅವು ನೂರಕ್ಕೆ 0.8 ಇದ್ದವು. ನಿಮ್ಮ 1,300ರಲ್ಲಿ ಹತ್ತು ಜನ ಸಿಗಬಹುದು, ಒಬ್ಬರು ಆಚೀಚೆ ಆದರೂ ಲೆಕ್ಕ ಅಲ್ಲಾಡುತ್ತದೆ. ಅದಕ್ಕೆ ಬೇರೆಯದೇ ಸರ್ವೆ ಬೇಕು. ಊರೂರಲ್ಲಿ ಆಶಾ, ಅಂಗನವಾಡಿ ಶಿಕ್ಷಕಿ, ಮೇಷ್ಟ್ರು, ಪೂಜಾರಪ್ಪ ಎಲ್ಲರನ್ನೂ ವಿಚಾರಿಸಿ ಹುಡುಕುವುದು.

ವರದಿಯ ಮೊದಲ ಪುಟದಲ್ಲೇ ಎಷ್ಟು ಮನೆ ಬೀಗ ಹಾಕಿತ್ತು, ಎಷ್ಟು ಜನ ಒಲ್ಲೆ ಎಂದರು ಎಂದು ಬರೆಯಿರಿ. ಬಸ್ ಸ್ಟ್ಯಾಂಡಿನಲ್ಲಿ ಮಲಗುವವರು, ಜೈಲಿನಲ್ಲಿರುವವರು, ಇಟ್ಟಿಗೆ ಗೂಡಿಗೆ ಬಂದು ಡೇರೆಯಲ್ಲಿರುವವರು ನಿಮ್ಮ ಮನೆಪಟ್ಟಿಯಲ್ಲಿ ಇರಲಿಲ್ಲ. ಅದನ್ನೂ ಬರೆಯಿರಿ.

ವರದಿ ಕೊಟ್ಟ ಮೇಲೆ ಇನ್ನೊಂದು ಕೆಲಸ ಉಳಿಯುತ್ತದೆ. ಚಿಕಿತ್ಸೆ ಬೇಕು ಎಂದು ನೀವು ಆಸ್ಪತ್ರೆಗೆ ಚೀಟಿ ಬರೆದುಕೊಟ್ಟವರ ಪಟ್ಟಿ ನಿಮ್ಮ ಹತ್ತಿರ ಬೀಗದೊಳಗೆ ಇರುತ್ತದೆ. ಎರಡು ವಾರ ಬಿಟ್ಟು ಒಬ್ಬೊಬ್ಬರಿಗೂ ಫೋನ್ ಮಾಡಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ ಎಂದು ನೆನಪಿಸಿ. ಹೋಗಲಿಲ್ಲ ಅಂದರೆ ಯಾಕೆ ಎಂದು ಕೇಳಿ. ಕೊಟ್ಟಿಗೆ ಕೋಣೆಯ ಆ ತಮ್ಮನ ಮನೆಗೆ ನಾನು ಮೂರು ಸಲ ಹೋದೆ. ಮೂರನೇ ಸಲ ಆ ಅಕ್ಕ ಬಸ್ ಚಾರ್ಜನ್ನು ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡು, ಅವರಿಗೆ ಒಗೆದ ಅಂಗಿ ಹಾಕಿಸಿ, ಜಗಲಿಯಲ್ಲಿ ಕೂರಿಸಿದ್ದರು.